ಮೂಟೆಯ ಹೆಸರಿನ ಇಸಿಜಿ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 10.40

ಕೆಳಗೆ ಲಾರಿ ಇಲ್ಲ. ಐದು ನಿಮಿಷ ಪುರುಸೊತ್ತು. ಬಂದರಿನ ಕ್ರೇನಿನ ಹಗ್ಗದಲ್ಲಿ ಕಂಟೇನರ್ ತೂಗುತ್ತಿದೆ, ನಾನು ಕ್ಯಾಬಿನ್‌ನಲ್ಲಿ ಕೂತು ಬರೆಯುತ್ತಿದ್ದೇನೆ.

ಕ್ರೇನಿನ ಲಿಫ್ಟ್ ಕೆಟ್ಟು ಇವತ್ತಿಗೆ ಒಂಬತ್ತು ದಿನ. ಇನ್ನೂರ ಎಂಟು ಮೆಟ್ಟಿಲು, ಏಳು ಅಟ್ಟಣೆ. ಬೆಳಿಗ್ಗೆ ನಾಲ್ಕನೇ ಅಟ್ಟಣೆಯಲ್ಲಿ ನಿಲ್ಲಬೇಕಾಯಿತು. ದವಡೆ ನೋವು. ಹಲ್ಲಿನದ್ದೇ ಇರಬೇಕು. ಹತ್ತಿದರೆ ಬರುತ್ತದೆ, ನಿಂತರೆ ಹೋಗುತ್ತದೆ. ವಿಚಿತ್ರ ಹಲ್ಲು.

ಎಡಗೈ ಕೂಡ ಹಿಡಿದುಕೊಂಡಿದೆ. ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಎಡಗೈಯ ಲಿವರ್ ದಿನಕ್ಕೆ ಸಾವಿರ ಸಲ ಹಿಂದೆ ಮುಂದೆ. ಕತ್ತು ಬಗ್ಗಿಸಿ ಕಾಲ ಕೆಳಗಿನ ಗಾಜಿನಲ್ಲಿ ಹಡಗು ನೋಡುತ್ತ ಕೂರುವ ಕೆಲಸ. ಕ್ರೇನ್ ಓಡಿಸುವವರಿಗೆಲ್ಲ ಕತ್ತು, ಬೆನ್ನು, ಎಡಗೈ ಹೋಗಿಯೇ ಇರುತ್ತವೆ. ಮೂರೂ ಚೆನ್ನಾಗಿದ್ದರೆ ಆಸಾಮಿ ಕೆಲಸ ಮಾಡಿಲ್ಲ ಎಂದರ್ಥ.

ಪರದೆ: ಗಂಟೆಗೆ 26 ಕಂಟೇನರ್. ಹಳದಿ. 28 ಮುಟ್ಟಿದರೆ ಹಸಿರು, 24ಕ್ಕಿಂತ ಇಳಿದರೆ ಕೆಂಪು. ಹೊಸ ಮ್ಯಾನೇಜರ್ ಬಂದ ಮೇಲೆ ಕ್ಯಾಬಿನ್‌ನಲ್ಲಿ ಈ ಪರದೆ, ಕ್ಯಾಂಟೀನ್‌ನಲ್ಲಿ ಇದರ ಅಪ್ಪನಂಥ ಇನ್ನೊಂದು. ಯಾರು ಎಷ್ಟು ಕಂಟೇನರ್ ಎತ್ತಿದರು ಎಂದು ಊಟ ಮಾಡುವವರೆಲ್ಲ ನೋಡಲಿ ಎಂದು. ಮ್ಯಾನೇಜರಿಗೆ ‘ಗಡಿಯಾರ’ ಎಂದು ಹೆಸರಿಟ್ಟವನು ನನ್ನ ಜೋಡಿ ಮೂಟೆ. ಮಾತಾಡುವಾಗ ಅವರ ಕಣ್ಣು ನಮ್ಮ ಮುಖದ ಮೇಲಿರುವುದಿಲ್ಲ, ತಮ್ಮ ಮಣಿಕಟ್ಟಿನ ವಾಚಿನ ಮೇಲಿರುತ್ತದೆ.

ಲಾರಿ ಬಂತು.

ಮಾರ್ಚ್ 5, ಗುರುವಾರ. ಮಧ್ಯಾಹ್ನ 1.15

ಕೆಳಗೆ, ರೆಸ್ಟ್ ರೂಮ್. ಮೂಟೆ ಮೇಲಿದ್ದಾನೆ. ಎರಡು ಗಂಟೆ ಅವನು, ಎರಡು ಗಂಟೆ ನಾನು. ಹದಿನಾರು ವರ್ಷ ಒಂದೇ ಕ್ರೇನಿನ ಜೋಡಿ. ಆದರೂ ಒಟ್ಟಿಗೆ ಕೂತು ಉಂಡಿದ್ದು ಬೆರಳೆಣಿಕೆ. ಒಬ್ಬ ಇಳಿದರೇ ಇನ್ನೊಬ್ಬ ಹತ್ತಬೇಕು. ನಮ್ಮ ಕಷ್ಟಸುಖವೆಲ್ಲ ಮೆಟ್ಟಿಲ ಮೇಲೆ.

ಗೋಡೆಗೆ ನೋಟಿಸ್ ಬಿದ್ದಿದೆ. ಸೋಮವಾರ ಮೆಡಿಕಲ್ ವ್ಯಾನ್ ಬರುತ್ತದೆ. ಈ ಸಲ ಮೂಟೆಯ ಬ್ಯಾಚ್. ನನ್ನದು ಏಪ್ರಿಲ್ 20. ಇಸಿಜಿ ಕೆಟ್ಟು ಬಂದರೆ ಕ್ರೇನ್ ಹತ್ತುವ ಹಾಗಿಲ್ಲ. ಗೇಟಿನ ಪಕ್ಕದ ಶೆಡ್‌ನಲ್ಲಿ ಕೂತು ಲಾರಿ ನಂಬರ್ ಬರೆಯಬೇಕು. ಆ ಶೆಡ್ಡಿಗೆ ನಮ್ಮವರು ಕರೆಯುವುದು ಸ್ಮಶಾನ ಎಂದು. ಅಲ್ಲಿಂದ ಯಾರೂ ವಾಪಸ್ ಮೇಲೆ ಹತ್ತಿದ್ದು ನಾನು ಕಂಡಿಲ್ಲ.

ನಾನು ಇಳಿಯುವಾಗ ಮೂಟೆ ಮೂರನೇ ಅಟ್ಟಣೆಯಲ್ಲಿ ಅಡ್ಡ ಬಂದ. ಏದುಸಿರು.

“ಲೋ ಕಡ್ಡಿ, ಸೋಮವಾರ ನನ್ನ ಬ್ಯಾಡ್ಜ್ ಹಾಕ್ಕೊಂಡು ನೀನು ಹೋಗ್ಬಿಡೋ.”

“ನಿನ್ನ ಹೊಟ್ಟೆ ಎಲ್ಲಿಂದ ತರ್ಲಿ?”

“ಹೊಟ್ಟೆ ಯಾರು ನೋಡ್ತಾರೆ. ಹೆಲ್ಮೆಟ್ಟು, ಜಾಕೆಟ್ಟು ಹಾಕಿದ್ರೆ ಎಲ್ಲಾರೂ ಒಂದೇ. ತೂಕದ ಕಾಲಂ ನಾವೇ ತುಂಬೋದು. ನೀನು ಸಿಗರೇಟು ಸೇದಲ್ಲ, ಮೈಯಲ್ಲಿ ಮಾಂಸ ಇಲ್ಲ. ನಿಂದು ಬಂಗಾರದಂಥ ಇಸಿಜಿ ಬರತ್ತೆ.”

ಇದೇನೂ ಹೊಸದಲ್ಲ. ಸೇಫ್ಟಿ ಕ್ಲಾಸಿಗೆ ಒಬ್ಬ ಹೋಗಿ ಇಬ್ಬರ ಸಹಿ ಹಾಕುತ್ತೇವೆ. ಬೂಟು ಹಂಚುವಾಗಲೂ ಅಷ್ಟೇ, ಮೀಟಿಂಗಿಗೂ ಅಷ್ಟೇ. ಕೆಳಗೆ ಇದ್ದವನು ಮೇಲಿದ್ದವನ ಹೆಸರಿನಲ್ಲಿ ಹೋಗುತ್ತಾನೆ. ಇಡೀ ಯಾರ್ಡ್‌ನ ಜೋಡಿಗಳೆಲ್ಲ ಹೀಗೇ. ಇಲ್ಲದಿದ್ದರೆ ಕ್ರೇನ್ ನಿಲ್ಲುತ್ತದೆ, ಕ್ರೇನ್ ನಿಂತರೆ ಗಡಿಯಾರ ಬಾರಿಸಲು ಶುರು.

ಸರಿ ಎಂದೆ.

ಮಾರ್ಚ್ 9, ಸೋಮವಾರ. ಬೆಳಿಗ್ಗೆ 11.30

ಮೂಟೆಯಾಗಿ ಹೋಗಿ ಬಂದೆ.

ಫಾರಂನಲ್ಲಿ ತೂಕ 97 ಎಂದು ಬರೆಯುವಾಗ ನಗು ತಡೆಯಲಾಗಲಿಲ್ಲ. ಸಿಸ್ಟರ್ ಫಾರಂ ನೋಡಲೇ ಇಲ್ಲ. ಹೊರಗೆ ಎಂಟು ಜನ ಕ್ಯೂ. ಮಲಗಿಸಿ, ತಣ್ಣಗಿನ ಜೆಲ್ಲಿ ಹಚ್ಚಿ, ವೈರ್ ಅಂಟಿಸಿದರು. ಮೆಷಿನ್ ಕಾಗದ ಉಗುಳಿತು. ಸಿಸ್ಟರ್ ಅದನ್ನು ಹರಿದು ಕಿಟಕಿಯ ಬೆಳಕಿಗೆ ಹಿಡಿದರು. ವೈರ್ ಕಿತ್ತು ಮತ್ತೆ ಅಂಟಿಸಿ ಇನ್ನೊಂದು ತೆಗೆದರು.

“ಎದೆ ನೋವು ಏನಾದ್ರೂ ಬರತ್ತಾ ನಿಮಗೆ?”

“ಇಲ್ಲ ಸಿಸ್ಟರ್.”

“ಮೆಟ್ಟಿಲು ಹತ್ತುವಾಗ? ದವಡೆ, ಭುಜ, ಕೈ, ಎಲ್ಲಾದ್ರೂ?”

ಮೂಟೆಯ ಪರವಾಗಿ ಉತ್ತರ ಕೊಡಬೇಕಲ್ಲ. ಮೂಟೆಗೆ ದವಡೆ ನೋವಿಲ್ಲ. “ಇಲ್ಲ” ಎಂದೆ. ಸುಳ್ಳೇನೂ ಅಲ್ಲ.

ದವಡೆ ಯಾಕೆ ಕೇಳಿದರೋ.

ಮಾರ್ಚ್ 13, ಶುಕ್ರವಾರ. ಸಂಜೆ 4.30

ಕ್ಯಾಂಟೀನ್ ಬಾಗಿಲಿಗೆ ಪಟ್ಟಿ ಅಂಟಿಸಿದ್ದಾರೆ. ಹನ್ನೊಂದು ಹೆಸರು. ಹತ್ತರ ಮುಂದೆ ‘ಫಿಟ್’. ಮೂಟೆಯ ಹೆಸರಿನ ಮುಂದೆ ಕೆಂಪು ಶಾಯಿ. ಕ್ರೇನ್ ಹತ್ತುವಂತಿಲ್ಲ. ಹೃದಯ ತಜ್ಞರಿಗೆ ತೋರಿಸುವುದು. ತುರ್ತು.

ಅಯ್ಯೋ ಪಾಪ ಎನಿಸಿತು. ಎರಡು ಮಕ್ಕಳಿನ್ನೂ ಸ್ಕೂಲು. ಕರಿದದ್ದು ತಿನ್ನಬೇಡ ಎಂದು ಎಷ್ಟು ಸಲ ಬಡಕೊಂಡಿಲ್ಲ ನಾನು. ಓಡಿದೆ. ಅವನು ಆಗಷ್ಟೇ ಇಳಿದು ಕೊನೆಯ ಮೆಟ್ಟಿಲ ಹತ್ತಿರ ಬಂದಿದ್ದ. ಭುಜದ ಮೇಲೆ ಕೈ ಹಾಕಿ ಹೇಳಿದೆ.

“ಹೆದರ್ಕೋಬೇಡ ಕಣೋ. ಈಗೆಲ್ಲ ಸ್ಟೆಂಟ್ ಹಾಕಿ ಮೂರೇ ದಿನಕ್ಕೆ ಮನೆಗೆ ಕಳಿಸ್ತಾರೆ. ನಾನು ಇದೀನಲ್ಲ.”

ಮೂಟೆ ಬಿಳಿಚಿಕೊಂಡ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಎದೆಯ ಮೇಲೆ ಕೈ ಇಟ್ಟುಕೊಂಡ. “ಹೌದು ಕಣೋ. ಮೊನ್ನೆಯಿಂದ ಏನೋ ಚುಚ್ಚಿದ ಹಾಗೆ ಆಗ್ತಾನೇ ಇತ್ತು,” ಎಂದ. ನೀರು ಕೊಟ್ಟೆ. ಕುಡಿದ. ಬೆನ್ನು ಸವರಿದೆ.

ಬಾಟಲಿ ಕೆಳಗಿಟ್ಟು ನನ್ನ ಮುಖವನ್ನೇ ನೋಡತೊಡಗಿದ.

“ಕಡ್ಡಿ… ವ್ಯಾನ್‌ನಲ್ಲಿ ಮಲಗಿದ್ದೋನು ಯಾರು?”

ಇಬ್ಬರಿಗೂ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಕ್ಕದಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನಗು ನಿಂತ ಮೇಲೆ ಮೂಟೆ ಬಾಟಲಿಯಲ್ಲಿ ಉಳಿದ ನೀರನ್ನು ನನ್ನ ಕೈಗೆ ಕೊಟ್ಟ.

ಮಾರ್ಚ್ 15, ಭಾನುವಾರ. ಮಧ್ಯಾಹ್ನ

ಮನೆ. ಇವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಾಳೆ. ಮೆಷಿನ್ ಓಡುವವರೆಗೆ ನಾನು ಬರೆಯಬಹುದು. ನಿಂತರೆ ಪುಸ್ತಕ ದಿಂಬಿನ ಕೆಳಗೆ.

ಯೋಚಿಸಿ ನೋಡಿದೆ. ಅವತ್ತು ವ್ಯಾನಿಗೆ ಹೋಗುವ ಮುಂಚೆ ಎರಡು ಲೋಟ ಕಾಫಿ ಕುಡಿದಿದ್ದೆ. ಬೇರೆಯವನ ಬ್ಯಾಡ್ಜ್ ಹಾಕಿಕೊಂಡ ಭಯ ಬೇರೆ. ಎದೆ ಹೊಡೆದುಕೊಳ್ಳುತ್ತಿತ್ತು. ಮೆಷಿನ್ ಅದನ್ನೇ ಬರೆದಿರುತ್ತದೆ. ವ್ಯಾನಿನ ಮೆಷಿನ್ ಬೇರೆ, ಹಳೇದು.

ಇವಳು ನನ್ನ ಅಂಗಿಯ ಅಳತೆ ಹಿಡಿಯುವಾಗ ಕೇಳಿದಳು. “ಏನ್ರೀ, ಮೂರು ದಿನದಿಂದ ಎರಡು ದಿಂಬು ಇಟ್ಕೊಂಡು ಮಲಗ್ತಿದೀರ?”

“ಕತ್ತು ನೋವು.”

“ಕತ್ತು ನೋವಿರೋರು ದಿಂಬು ತೆಗೀತಾರೆ, ಇನ್ನೊಂದು ಹಾಕ್ಕೊಳಲ್ಲ.”

ಟೇಪು ನನ್ನ ಎದೆಯ ಸುತ್ತ ಇತ್ತು. ಅವಳ ಮುಖ ಒಂದು ಗೇಣು ದೂರದಲ್ಲಿ. ಹೇಳಿಬಿಡಬಹುದಿತ್ತು.

ಮಾರ್ಚ್ 18, ಬುಧವಾರ. ಬೆಳಿಗ್ಗೆ 9.50

ಕ್ಯಾಬಿನ್. ಬೆಳಿಗ್ಗೆ ಆರರಿಂದ ಇಲ್ಲೇ.

ಮೂಟೆ ಸ್ಮಶಾನದ ಶೆಡ್‌ನಲ್ಲಿ ಲಾರಿ ನಂಬರ್ ಬರೆಯುತ್ತಿದ್ದಾನೆ. ಅವನ ಜಾಗಕ್ಕೆ ಇನ್ನೊಬ್ಬನನ್ನು ಕೊಡುತ್ತೇವೆಂದರು, ಕೊಟ್ಟಿಲ್ಲ. ಎರಡು ಗಂಟೆ ಹೋಗಿ ನಾಲ್ಕು ಗಂಟೆ ಆಯಿತು. ಬಿಡುವು ಸಿಕ್ಕಾಗ ಹತ್ತು ನಿಮಿಷ, ಅದೂ ಇಳಿದು ಹತ್ತಲು ಸಾಲದು. ಮೇಲೆಯೇ ಊಟ, ಮೇಲೆಯೇ ಎಲ್ಲ.

ಅಂದರೆ ಲೆಕ್ಕ ಹೀಗಾಯಿತು. ನನ್ನ ಹೃದಯ ಸರಿಯಿಲ್ಲ ಎಂದು ಮೂಟೆಯನ್ನು ಕೆಳಗೆ ಕೂರಿಸಿದರು. ಮೂಟೆ ಇಲ್ಲವೆಂದು ಅವನ ಪಾಲಿನ ಕೆಲಸ ನನ್ನ ತಲೆಗೆ ಕಟ್ಟಿದರು.

ಗಡಿಯಾರ ನಿನ್ನೆ ಆಫೀಸಿಗೆ ಕರೆದಿದ್ದರು. “ನಿಮ್ಮ ಜೋಡಿ ಇಲ್ಲ ಅಂತ ಹಡಗು ಕಾಯಲ್ಲ. ಹದಿನೈದು ದಿನದಲ್ಲಿ ಆರು ಸಲ ಕೆಂಪು ಬಂದಿದೆ ನಿಮ್ದು. ಮೊದಲು ನೀವೇ ಅಲ್ವಾ ಎಲ್ಲರಿಗಿಂತ ಮುಂದೆ ಇದ್ದದ್ದು?” ಹೌದು, ನಾನೇ. ಆ ಮಾತು ಬೈಗುಳಕ್ಕಿಂತ ಹೆಚ್ಚು ತಾಗಿತು. ಅವರ ಮೇಜಿನ ಮೇಲೆ ಅಸಿಡಿಟಿ ಮಾತ್ರೆಯ ಡಬ್ಬ. ಮಾತಿನ ಮಧ್ಯೆ ಎರಡು ಬಾಯಿಗೆ ಹಾಕಿಕೊಂಡರು. ಫೋನ್ ಬಡಿಯಿತು. ಎತ್ತಿ “ಎಸ್ ಸರ್, ಎಸ್ ಸರ್” ಎಂದು ಎದ್ದು ನಿಂತರು. ಅವರ ತಲೆಯ ಮೇಲೂ ಯಾವುದೋ ಪರದೆ ಇರಬೇಕು.

ಮೂಟೆ ನಿನ್ನೆ ಸಂಜೆ ಗೇಟಿನಲ್ಲಿ ಹಿಡಿದ. “ಇಬ್ರೂ ಹೋಗಿ ನಿಜ ಹೇಳ್ಬಿಡಣ.” ಬೇಡ ಎಂದೆ. ಬ್ಯಾಡ್ಜ್ ಅದಲುಬದಲು ಮಾಡಿದರೆ ಇಬ್ಬರೂ ಮನೆಗೆ. ರೂಲ್ ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿದೆ. ಅದನ್ನು ಓದಿ ಅವನ ಹೆಸರಿನಲ್ಲೂ ಸಹಿ ಹಾಕಿದವನು ನಾನು.

ಮಾರ್ಚ್ 24, ಮಂಗಳವಾರ. ಸಂಜೆ 5

ಮೂಟೆ ತಜ್ಞರ ಹತ್ತಿರ ಹೋಗಿ ಬಂದ. ಟ್ರೆಡ್‌ಮಿಲ್ ಮೇಲೆ ಓಡಿಸಿದರಂತೆ. ಸ್ಕ್ಯಾನ್. ರಕ್ತ. ಬಿ.ಪಿ. ಸ್ವಲ್ಪ ಜಾಸ್ತಿ, ಹೊಟ್ಟೆ ಕರಗಿಸಿ ಎಂದರಂತೆ. ಹೃದಯ ಗಟ್ಟಿಮುಟ್ಟಾಗಿದೆ.

ಗೇಟಿನ ಹೊರಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿದ. ಖುಷಿ ಅವನ ಮುಖದಲ್ಲಿ ಬರುತ್ತಿತ್ತು, ನನ್ನನ್ನು ನೋಡಿ ವಾಪಸ್ ಹೋಗುತ್ತಿತ್ತು.

“ಡಾಕ್ಟ್ರು ಎರಡೂ ಕಾಗದ ಪಕ್ಕಪಕ್ಕ ಇಟ್ರು ಕಣೋ. ಇದು ನಿಮ್ದಲ್ಲ ಅಂದ್ರು. ವ್ಯಾನ್‌ನೋರು ಯಾರ್ದೋ ಅದಲುಬದಲು ಮಾಡಿದಾರೆ, ಯಾರ್ದು ಅಂತ ಹುಡುಕಿ ಅಂದ್ರು.”

“ಮತ್ತೆ?”

“ಆ ಮನುಷ್ಯಂಗೆ ಗೊತ್ತಿಲ್ದೇ ಒಂದ್ಸಲ ಸಣ್ಣದಾಗಿ ಹಾರ್ಟ್ ಅಟ್ಯಾಕ್ ಆಗೋಗಿದೆ ಅಂದ್ರು. ರಕ್ತನಾಳ ಕಟ್ಕೊಂಡಿರಬಹುದು, ಇನ್ನೊಂದ್ಸಲ ಸಣ್ಣದಾಗಿ ಆಗಲ್ಲ, ಈ ವಾರದೊಳಗೆ ಬರ್ಬೇಕು ಅಂದ್ರು. ಟೆನ್ಷನ್ ಕೆಲಸ ಬಿಡ್ಬೇಕಂತೆ. ನಿದ್ದೆ ಬೇಕಂತೆ. ಕೇಳಿಸ್ಕೊಳ್ತಿದೀಯಾ?”

ಕೇಳಿಸಿಕೊಂಡೆ. ಯಾವಾಗ ಆಗಿರಬಹುದು ಎಂದು ಹುಡುಕುತ್ತಿದ್ದೆ. ಜನವರಿಯಲ್ಲಿ ಒಂದು ದಿನ ಪರದೆ ಬಂದ ಹೊಸದರಲ್ಲಿ, ಹಸಿರು ಬಿಡಬಾರದೆಂದು ಊಟ ಬಿಟ್ಟು ಎತ್ತಿದ್ದೆ. ಸಂಜೆ ಹೊಟ್ಟೆಯ ಮೇಲ್ಭಾಗ ಉರಿ, ವಾಂತಿ. ಗ್ಯಾಸ್ ಎಂದು ಸೋಡಾ ಕುಡಿದು ಮಲಗಿದ್ದೆ. ಮರುದಿನ ಹತ್ತಿ 31 ಹೊಡೆದೆ. ಕ್ಯಾಂಟೀನ್‌ನಲ್ಲಿ ಚಪ್ಪಾಳೆ ತಟ್ಟಿದರು.

ಅವತ್ತೇ.

ಮೂಟೆಯನ್ನು ಇನ್ನೂ ಮೇಲೆ ಬಿಡುವುದಿಲ್ಲವಂತೆ. ಕಮಿಟಿ ಕೂತು ಕಾಗದ ನೋಡಬೇಕು. ಏಪ್ರಿಲ್ ಕೊನೆ.

ಮಾರ್ಚ್ 26, ಗುರುವಾರ. ಬೆಳಿಗ್ಗೆ 8

ಮೂಟೆಯೇ ಆ ಹೃದಯ ತಜ್ಞರ ಕ್ಲಿನಿಕ್ಕಿಗೆ ಫೋನ್ ಮಾಡಿ ನಾಳೆ ನಾಲ್ಕು ಗಂಟೆಗೆ ನನ್ನ ಹೆಸರು ಬರೆಸಿದ್ದಾನೆ. ನನ್ನ ಸ್ವಂತ ಹೆಸರು. ಕಂಪನಿಗೆ ಗೊತ್ತಾಗುವುದಿಲ್ಲ, ಅದು ಪ್ರೈವೇಟ್ ಎಂದ.

ಹೋಗುತ್ತೇನೆ. ಹೋಗಲೇಬೇಕು.

ಮಾರ್ಚ್ 27, ಶುಕ್ರವಾರ. ಸಂಜೆ 7

ಹೋಗಲಿಲ್ಲ. ಮೂರು ಗಂಟೆಗೆ ಎರಡು ಹಡಗು ಒಟ್ಟಿಗೆ ಬಂದವು. ಎಲ್ಲರ ರಜೆ ಕ್ಯಾನ್ಸಲ್. ಮೂಟೆಗೆ ಇದನ್ನೇ ಹೇಳಿದೆ. ನಿಜವೇ. ಆದರೆ ಹಡಗು ಕಾಣಿಸಿದಾಗ ನನಗೆ ಸಮಾಧಾನವಾಯಿತಲ್ಲ, ಅದನ್ನು ಅವನಿಗೆ ಹೇಳಲಿಲ್ಲ.

ಇಲ್ಲಿ ಯಾರಿಗೆ ಮುಚ್ಚಿಡಬೇಕು. ನನಗೆ ಭಯ. ಶೆಡ್ಡಿನ ಭಯ, ಬರೀ ಅದೇ ಎಂದು ಬರೆಯಲು ಹೊರಟಿದ್ದೆ. ಅಲ್ಲ. ಡಾಕ್ಟರ್ ಬಾಯಿಂದ ಕೇಳುವವರೆಗೆ ಅದು ಮೂಟೆಯ ಹೆಸರಿನಲ್ಲೇ ಇರುತ್ತದೆ.

ಈ ಎರಡು ಹಡಗು ಹೋಗಲಿ.

ಏಪ್ರಿಲ್ 6, ಸೋಮವಾರ. ಮಧ್ಯಾಹ್ನ 2.10

ಹತ್ತು ದಿನ ಬರೆಯಲಿಲ್ಲ.

ಬೆಳಿಗ್ಗೆ ಕಂಟೇನರ್ ಹಡಗಿನಿಂದ ಎತ್ತಿ ತರುತ್ತಿದ್ದೆ. ದವಡೆ ನೋವು ಶುರುವಾಯಿತು, ಕೂತಲ್ಲೇ. ಇಷ್ಟು ದಿನ ಮೆಟ್ಟಿಲಿಗೆ ಮಾತ್ರ ಇತ್ತು. ಕಣ್ಣು ಒಂದು ಕ್ಷಣ ಮಂಜಾಯಿತು. ಎಡಗೈ ಲಿವರ್ ಬಿಡಬೇಕಾದಲ್ಲಿ ಬಿಡಲಿಲ್ಲ. ಇಪ್ಪತ್ತು ಟನ್ ಬೀಸಿಕೊಂಡು ಹೋಯಿತು. ಕೆಳಗೆ ಸರಪಳಿ ಬಿಚ್ಚುವವನೊಬ್ಬ ಬಗ್ಗಿದ್ದ. ಗಾಜಿನಲ್ಲಿ ಅವನ ಹಳದಿ ಹೆಲ್ಮೆಟ್ ಕಾಣುತ್ತಿತ್ತು, ಆಮೇಲೆ ಕಂಟೇನರ್ ಅದನ್ನು ಮುಚ್ಚಿತು. ಮತ್ತೆ ಕಾಣಿಸುವವರೆಗೆ ಎಷ್ಟು ಹೊತ್ತಾಯಿತೋ. ಅವನ ಪಕ್ಕದಲ್ಲಿ ಒಂದು ಮೊಳ ಬಿಟ್ಟು ಹಾದುಹೋಗಿತ್ತು.

ಅವನು ಮೇಲೆ ನೋಡಿ ಏನೋ ಬೈದ. ಬೈಯಲಿ. ಬೈಯಲು ಇದ್ದಾನಲ್ಲ.

ರಿಪೋರ್ಟ್‌ನಲ್ಲಿ ‘ಗಾಳಿ’ ಎಂದು ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಸುಳ್ಳು ಬರೆದಿರಲಿಲ್ಲ. ಇಲ್ಲಿಯವರೆಗೆ ಇದು ನನ್ನೊಬ್ಬನ ಪ್ರಾಣದ ವಿಚಾರ ಎಂದುಕೊಂಡಿದ್ದೆ.

ಲಿಫ್ಟ್ ಕಳೆದ ವಾರ ಎರಡು ದಿನ ಓಡಿ ಮತ್ತೆ ನಿಂತಿದೆ.

ಏಪ್ರಿಲ್ 9, ಗುರುವಾರ. ಬೆಳಿಗ್ಗೆ 11

ಕೆಳಗಿನಿಂದ ರೇಡಿಯೋದಲ್ಲಿ ಕಂಟೇನರ್ ನಂಬರ್ ಹೇಳುವವರು ಅಕ್ಕ. ಯಾರ್ಡಿಗೆಲ್ಲ ಅಕ್ಕ. ಮೂವತ್ತು ವರ್ಷದ ಸರ್ವಿಸು, ಗಡಿಯಾರವೂ ಅವರ ಮುಂದೆ ದನಿ ತಗ್ಗಿಸುತ್ತಾರೆ.

ಇವತ್ತು ನಂಬರ್ ಹೇಳುವುದನ್ನು ನಿಲ್ಲಿಸಿದರು.

“ಕಡ್ಡಿ, ಬಟನ್ ಮೇಲಿಂದ ಕೈ ತೆಗಿ. ನಿನ್ನ ಉಸಿರು ಇಡೀ ಯಾರ್ಡಿಗೆ ಕೇಳಿಸ್ತಿದೆ.”

ನೋಡಿದರೆ ಮೈಕಿನ ಬಟನ್ ಒತ್ತಿಕೊಂಡೇ ಇದ್ದೆ. ಎಷ್ಟು ಹೊತ್ತಿನಿಂದಲೋ. ತೆಗೆದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಮತ್ತೆ ಬಂದರು.

“ನಮ್ಮನೆಯೋರು ಹೋಗೋಕ್ಮುಂಚೆ ಹೀಗೇ ಉಸಿರಾಡ್ತಿದ್ರು ಕಣಪ್ಪ. ತೋರಿಸ್ಕೊ.”

ನಾನು “ಮುಂದಿನ ನಂಬರ್ ಹೇಳಿ ಅಕ್ಕ” ಎಂದೆ. ಹೇಳಿದರು.

ಏಪ್ರಿಲ್ 14, ಮಂಗಳವಾರ. ಮಧ್ಯಾಹ್ನ 3.40

20ಕ್ಕೆ ನನ್ನ ಮೆಡಿಕಲ್. ಆರು ದಿನ.

ಇವತ್ತು ಹಡಗು ತಡವಾಗಿ ಒಂದು ಗಂಟೆ ಬಿಡುವು ಸಿಕ್ಕಿತು, ಊಟದ ಹೊತ್ತಿಗೆ ಇಳಿದು ಶೆಡ್ಡಿಗೆ ಹೋದೆ. ಮೂಟೆಗೆ ಕೇಳಿಬಿಟ್ಟೆ. ಈ ಸಲ ನನ್ನ ಬ್ಯಾಡ್ಜ್ ಹಾಕಿಕೊಂಡು ನೀನು ಹೋಗು. ನಿನ್ನದು ಒಳ್ಳೆಯ ಹೃದಯ, ಕಾಗದದ ಸಮೇತ ಗೊತ್ತಾಗಿದೆ. ಒಂದು ಸಲ ಪಾಸ್ ಮಾಡಿಸು, ಆಮೇಲೆ ನಿಧಾನಕ್ಕೆ ನಾನು ಡಾಕ್ಟರ್ ಹತ್ತಿರ ಹೋಗುತ್ತೇನೆ.

ಅವನು ಬರೆಯುತ್ತಿದ್ದ ಪುಸ್ತಕ ಮುಚ್ಚಿದ.

“ನಿನಗೇನು ತಲೆ ಕೆಟ್ಟಿದೆಯಾ?”

“ನಾನು ನಿನಗೋಸ್ಕರ ಹೋಗಿರಲಿಲ್ವಾ?”

“ಹೋಗಿದ್ದೆ. ಅದಕ್ಕೇ ಇವತ್ತು ನಿನಗೆ ಗೊತ್ತಾಗಿರೋದು. ನಾನು ಹೋದ್ರೆ ಏನಾಗತ್ತೆ? ಫಿಟ್ ಅಂತ ಚೀಟಿ ಹಿಡ್ಕೊಂಡು ಮೇಲೆ ಹೋಗಿ ಸಾಯ್ತೀಯ. ಆ ಚೀಟಿ ಮೇಲೆ ನನ್ನ ಎದೆ ಬಡಿತ ಇರತ್ತೆ. ನಾನು ಹೆಂಗೋ ನಿದ್ದೆ ಮಾಡ್ಲಿ?”

ಹದಿನಾರು ವರ್ಷದ ಲೆಕ್ಕವೆಲ್ಲ ತೆಗೆದೆ. ಅವನ ಅಪ್ಪ ತೀರಿಕೊಂಡಾಗ ಮೂರು ಶಿಫ್ಟ್ ನಾನೊಬ್ಬನೇ ಎಳೆದದ್ದು. ಅವನ ಮಗಳ ಅಡ್ಮಿಷನ್ನಿಗೆ ಓಡಾಡಿದ್ದು. ಇವೆಲ್ಲ ಹೇಳಬಾರದ ಮಾತು, ಹೇಳಿದೆ. ಮೂಟೆಯ ಕಣ್ಣಲ್ಲಿ ನೀರು ಬಂತು. ನನಗೂ ನಾಚಿಕೆಯಾಯಿತು, ಆದರೆ ನಿಲ್ಲಿಸಲಿಲ್ಲ.

ಕೊನೆಗೆ ಅಂದ. “ಭಾನುವಾರ ನಿಮ್ಮನೆಗೆ ಬರ್ತೀನಿ. ಅಷ್ಟರೊಳಗೆ ಅತ್ತಿಗೆಗೆ ನೀನು ಹೇಳಿರ್ಬೇಕು. ಇಲ್ಲಾಂದ್ರೆ ನಾನು ಹೇಳ್ತೀನಿ. ಕೆಲಸ ಹೋಗ್ಲಿ. ನಂದೂ ಹೋಗ್ಲಿ.”

“ನಿನ್ನಂಥ ಜೋಡಿ ಇದ್ರೆ ಶತ್ರು ಯಾಕೆ ಬೇಕು,” ಎಂದು ಬಂದುಬಿಟ್ಟೆ.

ಮೆಟ್ಟಿಲು ಹತ್ತುವಾಗ ಐದು ಸಲ ನಿಂತೆ.

ಏಪ್ರಿಲ್ 16, ಗುರುವಾರ. ಬೆಳಿಗ್ಗೆ 5.20

ಮನೆ. ಶಿಫ್ಟಿಗೆ ಹೊರಡಬೇಕು. ಇವಳು ಡಬ್ಬಿ ಕಟ್ಟುತ್ತಿದ್ದಾಳೆ.

ಹೊಸ ಅಂಗಿ ಮಂಚದ ಮೇಲೆ ಮಡಿಸಿಟ್ಟಿದ್ದಾಳೆ. ಹಾಕಿಕೊಂಡೆ, ಸಡಿಲ. “ತಿಂಗಳ ಹಿಂದೆ ಅಳತೆ ತಗೊಂಡಿದ್ದು,” ಎಂದಳು. “ಅಷ್ಟರಲ್ಲಿ ಎರಡಿಂಚು ಎಲ್ಲಿ ಹೋಯ್ತು?” ಎದುರಿಗೆ ನಿಂತು ಗುಂಡಿ ಹಾಕತೊಡಗಿದಳು. ನನಗೆ ಬರುವುದಿಲ್ಲ ಎಂಬ ಹಾಗೆ. “ನೀವು ಏನೋ ಮುಚ್ಚಿಡ್ತಿದೀರ. ಕೆಲಸದ್ದೋ, ಮೈಯದ್ದೋ ಗೊತ್ತಾಗ್ತಿಲ್ಲ. ಯಾವ್ದಾದ್ರೂ ಪರ್ವಾಗಿಲ್ಲ ರೀ, ಹೇಳಿ.”

ಶನಿವಾರ ಹೇಳುತ್ತೇನೆ ಎಂದೆ. ನಾಳೆ ದೊಡ್ಡ ಹಡಗು ಇದೆ, ಅದೊಂದು ಮುಗಿಯಲಿ, ಶನಿವಾರ ಕೂತು ಎಲ್ಲ ಹೇಳುತ್ತೇನೆ.

“ಸರಿ,” ಎಂದಳು. “ಶನಿವಾರ ನಾನು ಹೊಲಿಗೆ ಇಟ್ಕೊಳಲ್ಲ.”

ಬರೆದ ಮೇಲೆ ಹಗುರಾಯಿತು. ನಿಜವಾಗಿಯೂ ಹೇಳುತ್ತೇನೆ. ಡಾಕ್ಟರ್ ಹತ್ತಿರ ಅವಳೇ ಕರೆದುಕೊಂಡು ಹೋಗಲಿ. ಶೆಡ್ಡಾದರೆ ಶೆಡ್ಡು. ಕೆಲಸವೇ ಹೋದರೆ ಅವಳ ಗುಂಡಿ ಹೊಲಿದುಕೊಂಡು ಇರುತ್ತೇನೆ. ಮೂಟೆಗೆ ಇವತ್ತು ಗೇಟಿನಲ್ಲಿ ಸಿಕ್ಕಿ ತಪ್ಪಾಯಿತು ಎನ್ನಬೇಕು.

ಏಪ್ರಿಲ್ 16. ಸಂಜೆ 4

ಮೂಟೆ ಸಿಗಲಿಲ್ಲ. ಅವನು ಬೇಗ ಹೋಗಿದ್ದ. ನಾಳೆ.

ಏಪ್ರಿಲ್ 17, ಶುಕ್ರವಾರ. ಬೆಳಿಗ್ಗೆ 11.20

ಹತ್ತೂಮುಕ್ಕಾಲಿನಿಂದ ನೋವು. ಹೋಗುತ್ತಿಲ್ಲ. ದವಡೆ ಅಲ್ಲ ಈ ಸಲ. ಎದೆಯ ನಡುವೆ, ಯಾರೋ ಮೊಣಕಾಲು ಊರಿದ ಹಾಗೆ. ಹೊಸ ಅಂಗಿ ಒದ್ದೆ.

ಆಗ ಕಂಟೇನರ್ ಗಾಳಿಯಲ್ಲಿತ್ತು. ಕೆಳಗೆ ನಾಲ್ಕು ಜನ. “ಅಕ್ಕ, ಜನ ಸರಿಸಿ” ಎಂದೆ. “ಯಾಕಪ್ಪ?” “ಸರಿಸಿ ಅಕ್ಕ.” ಸರಿಸಿದರು. ನಿಧಾನಕ್ಕೆ ಇಳಿಸಿದೆ. ಬಹಳ ನಿಧಾನ. ಲಾರಿಯ ಮೇಲೆ ನಾಲ್ಕು ಮೂಲೆಯೂ ಸರಿಯಾಗಿ ಕೂತಿತು. ಕೊಂಡಿ ಬಿಟ್ಟೆ. ಕ್ಯಾಬಿನ್ ಮೆಟ್ಟಿಲ ಹತ್ತಿರ ತಂದು ನಿಲ್ಲಿಸಿದೆ. ಬ್ರೇಕ್. ಪರದೆ ಕೆಂಪು. ಇರಲಿ.

ಆಮೇಲೆ ಬಟನ್ ಒತ್ತಿ ಹೇಳಿದೆ. ಎಲ್ಲರೂ ಕೇಳುವ ಚಾನೆಲ್. ಮಾರ್ಚ್ ಒಂಬತ್ತರ ಇಸಿಜಿ ಮೂಟೆಯದ್ದಲ್ಲ, ನನ್ನದು. ಅವನಿಗೇನೂ ಆಗಿಲ್ಲ. ಗಾಳಿ ಎಂದು ಬರೆದದ್ದೂ ಸುಳ್ಳು. ನನಗೆ ಎದೆ ನೋವು, ಇಳಿಯಲು ಆಗುವುದಿಲ್ಲ.

ಮೊದಲು ಬಂದದ್ದು ಗಡಿಯಾರದ ದನಿ. “ಅಲ್ಲೇ ಇರಿ. ಏಳ್ಬೇಡಿ. ಆಂಬುಲೆನ್ಸ್ ಬರ್ತಿದೆ.” ಬೈಯಲಿಲ್ಲ. ದನಿ ನಡುಗುತ್ತಿತ್ತು.

ಲಿಫ್ಟ್ ಇಲ್ಲ. ಮೂಟೆ ಶೆಡ್‌ನಿಂದ ಓಡಿ ಬಂದ. ಗಾಜಿನಲ್ಲಿ ಕಾಣುತ್ತಿದ್ದಾನೆ. ಯಾರೋ ತಡೆದರು, ತಳ್ಳಿ ಹತ್ತುತ್ತಿದ್ದಾನೆ. ಎರಡನೇ ಅಟ್ಟಣೆ. ರೇಡಿಯೋ ಹಿಡಿದೇ ಹತ್ತುತ್ತಿದ್ದಾನೆ. “ಕಡ್ಡಿ, ಮಾತಾಡ್ತಾ ಇರೋ. ಏನಾದ್ರೂ ಮಾತಾಡು.” ಉಸಿರು ಸಾಲದು. ಬರೆಯುತ್ತೇನೆ. ಬರೆಯುತ್ತಿದ್ದರೆ ಎಚ್ಚರ ಇರುತ್ತೇನೆ.

ಇವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹೊಲಿಗೆ ಮೆಷಿನ್ ಸದ್ದಿಗೆ ಕೇಳಿಸಿರಲಿಕ್ಕಿಲ್ಲ.

ನಾಲ್ಕನೇ ಅಟ್ಟಣೆ. ನಿಂತ. ಮತ್ತೆ ಹೊರಟ.

ಬಾಗಿಲು. ಗಾಳಿಗೆ ಬಡಿದುಕೊಳ್ಳುತ್ತದೆಂದು ಬೆಳಿಗ್ಗೆ ಒಳಗಿನಿಂದ ಚಿಲಕ ಹಾಕಿದ್ದೇನೆ. ಹೊರಗಿನಿಂದ ತೆಗೆಯಲು ಬರುವುದಿಲ್ಲ. ದಪ್ಪ ಕಬ್ಬಿಣ. ಕುರ್ಚಿಯಿಂದ ಮೂರು ಹೆಜ್ಜೆ. ಒಮ್ಮೆ ಎದ್ದೆ. ಕಾಲು ನಿಲ್ಲಲಿಲ್ಲ. ಕೂತೆ.

ಆರು. ಅವನ ಬೂಟಿನ ಸದ್ದು ಕೇಳಿಸುತ್ತಿದೆ.

ಈಗ ಏಳುತ್ತೇನೆ. ಮೊದಲು ಕುರ್ಚಿಯ ಕೈ, ಆಮೇಲೆ ಗೋಡೆಯ ಸರಳು, ಆಮೇಲೆ